ವೀಸಾ ಬೇಡ, ಬಂದೂಕು ಬೇಕು!

ನಮ್ಮ ಹಾಸ್ಟೆಲ್ ಮೆಸ್‌ನಲ್ಲಿ ಏಳನೇ ಸೆಮಿಸ್ಟರ್ ಶುರುವಾದರೆ ಸಾಕು, ಚಿತ್ರಾನ್ನಕ್ಕಿಂತ ಜಾಸ್ತಿ ಓಡೋದು ವೀಸಾ ಮಾತು. ಜರ್ಮನಿಗೆ ಹೋದರೆ ಇಷ್ಟು ದುಡ್ಡು ತೋರಿಸಬೇಕು, ಕೆನಡಾದ್ದು ಈಗ ಕಷ್ಟ, ಅಮೆರಿಕದ್ದು ಲಾಟರಿ. ಹೀಗೇ ಒಂದು ರಾತ್ರಿ ನಮ್ಮಲ್ಲೊಬ್ಬ ಮೊಬೈಲ್ ಎತ್ತಿ ತೋರಿಸಿದ. "ವೀಸಾನೇ ಬೇಡದ ಊರು ಒಂದಿದೆ ಕಣ್ರೋ. ಯಾರು ಬೇಕಾದ್ರೂ ಹೋಗಿ ಇರಬಹುದಂತೆ. ಬೀದೀಲಿ ಹಿಮಕರಡಿ ಓಡಾಡುತ್ತಂತೆ. ಅಲ್ಲಿ ಸಾಯೋದು ಕಾನೂನುಬಾಹಿರವಂತೆ!"

ರೀಲ್ಸ್ ನೋಡಿ ನಂಬೋ ವಯಸ್ಸು ನಮ್ಮದಲ್ಲ ಅಂತ ಹೇಳಿಕೊಂಡರೂ, ಆ ರಾತ್ರಿ ಒಂದೂವರೆವರೆಗೆ ಅದನ್ನೇ ಹುಡುಕುತ್ತಾ ಕೂತೆವು. ಊರಿನ ಹೆಸರು ಲಾಂಗ್‌ಯಿಯರ್‌ಬಿಯೆನ್. ಇರೋದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ. ರೀಲ್ ಹೇಳಿದ್ದು ಅರ್ಧ ನಿಜ. ಬಾಕಿ ಅರ್ಧ ರೀಲ್‌ಗಿಂತ ಸ್ವಾರಸ್ಯವಾಗಿದೆ, ಸ್ವಲ್ಪ ಕಹಿಯಾಗಿಯೂ ಇದೆ. ವಿದೇಶಕ್ಕೆ ಹೋಗಿ ನೆಲೆಸಬೇಕು ಅಂದುಕೊಂಡಿರುವ ಎಲ್ಲರಿಗೂ ಬೇಕಾಗುವ ಒಂದು ಪಾಠ ಅದರಲ್ಲಿದೆ.

ಎಲ್ಲಿದೆ ಇದು?

ಭೂಪಟದಲ್ಲಿ ನಾರ್ವೆಯ ತುದಿ ಮುಟ್ಟಿ, ಅಲ್ಲಿಂದಲೂ ಮೇಲಕ್ಕೆ ಹೋಗಿ. ಉತ್ತರ ಅಕ್ಷಾಂಶ 78 ಡಿಗ್ರಿ. ಉತ್ತರ ಧ್ರುವ ಇಲ್ಲಿಂದ ಸುಮಾರು 1,300 ಕಿಲೋಮೀಟರ್. ಇಡೀ ದ್ವೀಪಸಮೂಹದ ವಿಸ್ತೀರ್ಣ ಸುಮಾರು 61,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕರ್ನಾಟಕದ ಮೂರನೇ ಒಂದು ಭಾಗ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಮನದಿಗಳೇ. ಮರ ಅನ್ನೋದು ಒಂದೂ ಇಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆ ಇಲ್ಲ. ಚಳಿಗಾಲದಲ್ಲಿ ಸ್ನೋ ಸ್ಕೂಟರ್, ಬೇಸಿಗೆಯಲ್ಲಿ ದೋಣಿ. ಲಾಂಗ್‌ಯಿಯರ್‌ಬಿಯೆನ್‌ನಲ್ಲಿ ಇರುವವರು ಸುಮಾರು 2,500 ಜನ. ನಮ್ಮ ಕಾಲೇಜಿನ ಎರಡು ಬ್ಯಾಚ್ ಸೇರಿಸಿದರೆ ಒಂದು ಊರು!

1906ರಲ್ಲಿ ಜಾನ್ ಮನ್ರೋ ಲಾಂಗ್‌ಯಿಯರ್ ಎಂಬ ಅಮೆರಿಕನ್ ಉದ್ಯಮಿಯ ಕಂಪನಿ ಕಲ್ಲಿದ್ದಲು ತೆಗೆಯಲು ಕಟ್ಟಿದ ಗಣಿಯೂರು ಇದು. 1916ರಲ್ಲಿ ನಾರ್ವೆಯ ಕಂಪನಿಯೊಂದು ಅದನ್ನು ಕೊಂಡಿತು. ಗಣಿ ಕಾಲದ ಒಂದು ಅಭ್ಯಾಸ ಇನ್ನೂ ಉಳಿದಿದೆ: ಕಲ್ಲಿದ್ದಲ ಧೂಳು ಒಳಗೆ ಬರಬಾರದು ಅಂತ ಬಾಗಿಲಲ್ಲೇ ಬೂಟು ಬಿಡೋದು. ಈಗಲೂ ಅಲ್ಲಿನ ಎಷ್ಟೋ ಹೋಟೆಲು, ಮ್ಯೂಸಿಯಂಗಳಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ನಮ್ಮಜ್ಜಿ ಕೇಳಿದರೆ ಖುಷಿಪಡುತ್ತಾರೆ.

ಇಷ್ಟು ಉತ್ತರದಲ್ಲಿ ಮನುಷ್ಯ ಇರೋಕಾದರೂ ಆಗೋದು ಹೇಗೆ? ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದ ಒಂದು ಕವಲು ಸ್ವಾಲ್ಬಾರ್ಡ್‌ನ ಪಶ್ಚಿಮ ಕರಾವಳಿಯ ಪಕ್ಕದಲ್ಲೇ ಹರಿಯುತ್ತದೆ. ಹಾಗಾಗಿ ಇದೇ ಅಕ್ಷಾಂಶದ ಬೇರೆ ಜಾಗಗಳಿಗೆ ಹೋಲಿಸಿದರೆ ಇಲ್ಲಿ ಚಳಿ ಕಮ್ಮಿ. ಕಮ್ಮಿ ಅಂದರೆ ನಮ್ಮ ಲೆಕ್ಕದಲ್ಲಿ ಅಲ್ಲ ಬಿಡಿ!

ಸಮುದ್ರವೇ ಅಡುಗೆಮನೆ

ಮರ ಇಲ್ಲದ, ಹುಲ್ಲೂ ಸರಿಯಾಗಿ ಬೆಳೆಯದ ನೆಲದಲ್ಲಿ ಇಷ್ಟೊಂದು ಪ್ರಾಣಿಗಳು ಹೇಗೆ ಬದುಕುತ್ತವೆ ಅನ್ನೋದು ನಮಗೆ ಬಂದ ಮೊದಲ ಪ್ರಶ್ನೆ. ಉತ್ತರ ಇರೋದು ಸಮುದ್ರದಲ್ಲಿ. ಬೆಚ್ಚಗಿನ ಅಟ್ಲಾಂಟಿಕ್ ನೀರು, ತಣ್ಣನೆಯ ಆರ್ಕ್ಟಿಕ್ ನೀರು ಇಲ್ಲಿ ಕೂಡುತ್ತವೆ. ಪೋಷಕಾಂಶ ಮೇಲೆ ಬರುತ್ತದೆ. ವಸಂತದಲ್ಲಿ ಸೂರ್ಯ ಬಂದ ಕೂಡಲೇ ನೀರಿನಲ್ಲಿ ಸೂಕ್ಷ್ಮ ಪಾಚಿ ಸ್ಫೋಟದಂತೆ ಬೆಳೆಯುತ್ತದೆ. ಅದನ್ನು ಸಣ್ಣ ಸಿಗಡಿಯಂಥ ಜೀವಿಗಳು ತಿನ್ನುತ್ತವೆ, ಅವನ್ನು ಮೀನುಗಳು, ಮೀನನ್ನು ಹಕ್ಕಿಗಳು ಮತ್ತು ಸೀಲ್‌ಗಳು, ಸೀಲನ್ನು ಹಿಮಕರಡಿ.

ಹಕ್ಕಿಗಳು ಕಡಲಂಚಿನ ಬಂಡೆಗಳಲ್ಲಿ ಲಕ್ಷಗಟ್ಟಲೆ ಗೂಡು ಮಾಡುತ್ತವೆ. ಅವುಗಳ ಹಿಕ್ಕೆಯೇ ಬಂಡೆಯ ಬುಡಕ್ಕೆ ಗೊಬ್ಬರ. ಎಲ್ಲೆಡೆ ಬೋಳಾದ ನೆಲದಲ್ಲಿ ಆ ಬಂಡೆಗಳ ಕೆಳಗೆ ಮಾತ್ರ ಹಸಿರು ದಟ್ಟವಾಗಿರುತ್ತದೆ. ಅಲ್ಲಿ ಹಿಮಸಾರಂಗ ಮೇಯುತ್ತದೆ, ನರಿ ಬಿದ್ದ ಮೊಟ್ಟೆ ಮರಿಗಳಿಗಾಗಿ ಕಾಯುತ್ತದೆ. ಅಂದರೆ ನೆಲದ ಪ್ರಾಣಿಯೂ ಕೊನೆಗೆ ಉಣ್ಣೋದು ಸಮುದ್ರದ ಬಡಿಸಿದ ಎಲೆಯಿಂದಲೇ.

ಈ ಪ್ರಾಣಿಗಳು ಕಾಡಿನಲ್ಲಿ, ಜನ ಊರಿನಲ್ಲಿ ಅನ್ನೋ ಗಡಿ ಇಲ್ಲಿಲ್ಲ. ಕುಳ್ಳ ಕಾಲಿನ ಹಿಮಸಾರಂಗಗಳು ಮನೆಗಳ ನಡುವೆ ನಿಶ್ಚಿಂತೆಯಿಂದ ಓಡಾಡುತ್ತವೆ. ಬೇಸಿಗೆಯಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿ ರಸ್ತೆ ಬದಿಯಲ್ಲೇ ಗೂಡು ಮಾಡಿ, ಹತ್ತಿರ ಹೋದವರ ತಲೆಗೆ ಕುಕ್ಕುತ್ತದೆ. ಅದು ಎತ್ತರದ ಭಾಗವನ್ನೇ ಗುರಿ ಮಾಡುವುದರಿಂದ ಜನ ಒಂದು ಕೋಲನ್ನು ತಲೆಗಿಂತ ಮೇಲೆ ಹಿಡಿದು ನಡೆಯುತ್ತಾರೆ. ಕೋಲಿಗೆ ಕುಕ್ಕಲಿ, ತಲೆ ಉಳಿಯಲಿ ಅಂತ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಸಲುವಾಗಿ ಊರಲ್ಲಿ ಬೆಕ್ಕು ಸಾಕುವಂತಿಲ್ಲ.

ಕರಡಿ ಇರುವ ಊರಿನ ರೂಲ್ಸು

ಹಿಮಕರಡಿ ದಿನಾ ಬೀದಿಯಲ್ಲಿ ಓಡಾಡೋದಿಲ್ಲ. ಆದರೆ ಬರಬಹುದು, ಬಂದಿದೆ. ವರ್ಷವಿಡೀ ಸ್ವಾಲ್ಬಾರ್ಡ್‌ನಲ್ಲೇ ಇರುವ ಕರಡಿಗಳು ಸುಮಾರು 300. ಬಾರೆಂಟ್ಸ್ ಸಮುದ್ರದ ಮಂಜಿನ ಮೇಲೆ ಇನ್ನೂ ಬಹಳ ಇವೆ. ಊರಿನ ಕೊನೆಯಲ್ಲಿ ಕರಡಿಯ ಚಿತ್ರವಿರುವ ತ್ರಿಕೋನ ಫಲಕ ಇದೆ. ಅದರ ಕೆಳಗೆ ನಾರ್ವೇಜಿಯನ್ ಭಾಷೆಯಲ್ಲಿ 'ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ' ಅಂತ ಬರೆದಿದೆ. ಆ ಫಲಕ ದಾಟಿದರೆ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಜೊತೆಗಿರಲೇಬೇಕು, ಇದು ಕಾನೂನು. ಫ್ಲೇರ್ ಗನ್ ಸಾಮಾನ್ಯ. ಅದರ ಜೊತೆಗೆ ರೈಫಲ್ ಕೂಡ ಇರಲಿ ಅನ್ನೋದು ಆಡಳಿತದ ಸಲಹೆ. 1993ರಲ್ಲಿ ಶುರುವಾದ ಇಲ್ಲಿನ ವಿಶ್ವವಿದ್ಯಾಲಯ ಕೇಂದ್ರ 'ಯೂನಿಸ್'ಗೆ ಸೇರಿದ ಹುಡುಗ ಹುಡುಗಿಯರಿಗೆ ಪಾಠಕ್ಕಿಂತ ಮೊದಲು ಸುರಕ್ಷತಾ ತರಬೇತಿ. ಅದರಲ್ಲಿ ರೈಫಲ್ ಹಿಡಿಯೋದೂ ಸೇರಿದೆ. ನಮಗೆ ಇಂಡಕ್ಷನ್ ಪ್ರೋಗ್ರಾಂನಲ್ಲಿ ಲೈಬ್ರರಿ ಕಾರ್ಡ್ ಕೊಟ್ಟ ಹಾಗೆ!

ಆದರೆ ಬಂದೂಕು ಇರೋದು ಬೇಟೆಗಲ್ಲ. 1973ರಿಂದ ಹಿಮಕರಡಿ ಸಂರಕ್ಷಿತ ಪ್ರಾಣಿ. ಯಾರಾದರೂ ಕರಡಿಯನ್ನು ಕೊಂದರೆ, ಜೀವ ಉಳಿಸಿಕೊಳ್ಳೋಕೆ ಕೊಂದಿದ್ದರೂ, ತನಿಖೆ ಆಗುತ್ತದೆ. 2025ರಿಂದ ನಿಯಮ ಇನ್ನೂ ಬಿಗಿ. ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು, ಮರಿಗಳಿರುವ ವಸಂತದ ತಿಂಗಳುಗಳಲ್ಲಿ, ಅಂದರೆ ಮಾರ್ಚ್‌ನಿಂದ ಜೂನ್‌ವರೆಗೆ, 500 ಮೀಟರ್. ಕರಡಿ ಎದುರಾದರೆ ಫೋಟೋ ಅಲ್ಲ, ಹಿಂದೆ ಸರಿಯೋದೇ ಮೊದಲ ಕೆಲಸ. 2020ರ ಆಗಸ್ಟ್‌ನಲ್ಲಿ ಊರಿನ ಹತ್ತಿರದ ಕ್ಯಾಂಪ್‌ಸೈಟಿನಲ್ಲೇ ಒಬ್ಬರು ಕರಡಿ ದಾಳಿಯಲ್ಲಿ ಸತ್ತರು. ಆ ಕರಡಿಯೂ ಉಳಿಯಲಿಲ್ಲ. ಅಲ್ಲಿ ಬದುಕುವವರು ಇದನ್ನು ಹೀಗೆ ನೋಡುತ್ತಾರೆ: ಮನುಷ್ಯನ ಅಜಾಗರೂಕತೆಗೆ ಇಬ್ಬರೂ ಬೆಲೆ ತೆರುತ್ತಾರೆ.

ನಮಗೂ ಹಕ್ಕಿದೆ, 1920ರಿಂದ

ಈಗ ವೀಸಾ ವಿಷಯ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಸ್ವಾಲ್ಬಾರ್ಡ್ ಒಪ್ಪಂದಕ್ಕೆ ಸಹಿ ಬಿತ್ತು. ದ್ವೀಪಗಳ ಸಾರ್ವಭೌಮತ್ವ ನಾರ್ವೆಗೆ. ಬದಲಿಗೆ ಒಪ್ಪಂದದಲ್ಲಿರುವ ಎಲ್ಲ ದೇಶಗಳ ಪ್ರಜೆಗಳಿಗೂ ಅಲ್ಲಿ ಪ್ರವೇಶಿಸಲು, ದುಡಿಯಲು ಸಮಾನ ಅವಕಾಶ. ಅಲ್ಲಿ ವಸೂಲಾದ ತೆರಿಗೆ ಅಲ್ಲಿಗೇ ಬಳಕೆಯಾಗಬೇಕು, ಹಾಗಾಗಿ ತೆರಿಗೆಯೂ ಕಡಿಮೆ. ನೌಕಾನೆಲೆ, ಕೋಟೆ ಕಟ್ಟುವಂತಿಲ್ಲ. ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ಹೆಸರೂ ಆ ಒಪ್ಪಂದದಲ್ಲಿ ಸೇರಿತ್ತು. 1925ರಲ್ಲಿ ಅದು ಜಾರಿಗೆ ಬಂತು.

ಹಾಗಾಗಿ ಹುಬ್ಬಳ್ಳಿಯ ಹುಡುಗನಿಗೂ ಓಸ್ಲೋದ ಹುಡುಗಿಗೂ ಅಲ್ಲಿ ಕೆಲಸ ಮಾಡಲು ವರ್ಕ್ ಪರ್ಮಿಟ್ ಬೇಡ. ಥಾಯ್ಲೆಂಡ್, ಫಿಲಿಪೀನ್ಸ್‌ನವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹೋಟೆಲು, ಅಂಗಡಿ, ಸ್ವಚ್ಛತೆ, ಅಡುಗೆ ಕೆಲಸಗಳಲ್ಲಿ ಊರು ನಿಂತಿರೋದೇ ಅವರ ಮೇಲೆ. 50ಕ್ಕೂ ಹೆಚ್ಚು ದೇಶದವರು ಆ ಪುಟ್ಟ ಊರಲ್ಲಿದ್ದಾರೆ.

ಒಂದು ಸಣ್ಣ ಅಕ್ಷರದ ಷರತ್ತು ಇದೆ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ನಿಜ, ಆದರೆ ವಿಮಾನ ಹೋಗೋದು ನಾರ್ವೆಯ ಮೂಲಕ. ನಾರ್ವೆ ಇರೋದು ಷೆಂಗೆನ್ ವಲಯದಲ್ಲಿ, ಸ್ವಾಲ್ಬಾರ್ಡ್ ಇರೋದು ಅದರ ಹೊರಗೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಇನ್ನೊಮ್ಮೆ ಒಳಬರಲು ಅವಕಾಶ ಇರುವ ಷೆಂಗೆನ್ ವೀಸಾ ಬೇಕು. ಮನೆಗೆ ಬಾಗಿಲಿಲ್ಲ, ಆದರೆ ಕಾಂಪೌಂಡಿಗೆ ಗೇಟ್ ಇದೆ ಅಂದ ಹಾಗೆ.

ಹುಟ್ಟು, ಸಾವು, ನಡುವಿನ ಬಾಡಿಗೆ ಮನೆ

ಸಾಯೋದು ಕಾನೂನುಬಾಹಿರ ಅನ್ನೋದು ಸುಳ್ಳು. ಅಂಥ ಕಾನೂನು ಯಾವ ಊರಲ್ಲೂ ನಡೆಯಲ್ಲ. ನಿಜ ಏನೆಂದರೆ ಅಲ್ಲಿ ಶವಪೆಟ್ಟಿಗೆ ಹೂಳುವುದಿಲ್ಲ. ನೆಲ ಸದಾ ಹೆಪ್ಪುಗಟ್ಟಿರುವುದರಿಂದ ದೇಹ ಕರಗುವುದಿಲ್ಲ, ನೆಲ ಹೆಪ್ಪುಗಟ್ಟಿ ಕರಗುವ ಆಟದಲ್ಲಿ ಪೆಟ್ಟಿಗೆ ನಿಧಾನವಾಗಿ ಮೇಲೆ ಬರುತ್ತದೆ. ಅನುಮತಿ ಪಡೆದು ಚಿತಾಭಸ್ಮದ ಕುಂಭ ಇಡಬಹುದು, ಅಷ್ಟೇ. ಹಾಗೆಯೇ ಗರ್ಭಿಣಿಯರು ಹೆರಿಗೆಗೆ ಸುಮಾರು ಮೂರು ವಾರ ಮೊದಲೇ ನಾರ್ವೆಯ ಮುಖ್ಯಭೂಮಿಗೆ ಹೋಗಬೇಕು. ಊರಲ್ಲಿ ಇರೋದು ತುರ್ತು ಚಿಕಿತ್ಸೆಗೆ ಸಾಕಾಗುವ ಚಿಕ್ಕ ಆಸ್ಪತ್ರೆ. ವೃದ್ಧಾಶ್ರಮವೂ ಇಲ್ಲ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇಲ್ಲ.

ಇದೆಲ್ಲ ಮರೆತು ಬಿಟ್ಟುಹೋದದ್ದಲ್ಲ, ಬೇಕೆಂದೇ ಹಾಗಿಟ್ಟಿರೋದು. ಹುಟ್ಟಿನಿಂದ ಸಾವಿನವರೆಗೆ ಇರುವ ಊರು ಇದಾಗಬಾರದು ಅನ್ನೋದು ನಾರ್ವೆಯ ನೀತಿ. ದುಡಿಯುವ ಶಕ್ತಿ ಇರುವವರೆಗೆ ಇರಿ. ನಿಮ್ಮ ಖರ್ಚು ನೀವು ನೋಡಿಕೊಳ್ಳಲು ಆಗದಿದ್ದರೆ ಗವರ್ನರ್ ನಿಮ್ಮನ್ನು ವಾಪಸ್ ಕಳಿಸಬಹುದು. ಮನೆಗಳಲ್ಲಿ ಹೆಚ್ಚಿನವು ಕೆಲಸ ಕೊಡುವವರದ್ದೇ. ಅಂದರೆ ಕೆಲಸ ಹೋದ ದಿನವೇ ಮನೆಯ ಚಿಂತೆಯೂ ಶುರು, ಹೊರಗೆ ಮೈನಸ್ 20 ಡಿಗ್ರಿ.

ಇನ್ನೊಂದು ವಿಷಯ ನಮ್ಮನ್ನು ಹೆಚ್ಚು ಕಾಡಿತು. ಅಲ್ಲಿ ಹತ್ತು ವರ್ಷ ಇದ್ದರೂ ಆ ವರ್ಷಗಳು ನಾರ್ವೆಯ ಖಾಯಂ ವಾಸದ ಲೆಕ್ಕಕ್ಕೆ ಸೇರುವುದಿಲ್ಲ. ವಲಸೆ ಕಾನೂನೇ ಅನ್ವಯಿಸದ ಜಾಗದಲ್ಲಿ ವಲಸಿಗನ ಹಕ್ಕೂ ಹುಟ್ಟುವುದಿಲ್ಲ! 2002ರಿಂದ ಊರಿಗೆ ಚುನಾಯಿತ ಸ್ಥಳೀಯ ಮಂಡಳಿ ಇದೆ. ಅಲ್ಲಿ ವಾಸವಿದ್ದ ವಿದೇಶಿಯರೂ ಮತ ಹಾಕುತ್ತಿದ್ದರು. 2022ರಲ್ಲಿ ಸರ್ಕಾರ ನಿಯಮ ಬದಲಿಸಿತು: ನಾರ್ವೆಯ ಪ್ರಜೆ ಅಲ್ಲದವರು ಮುಖ್ಯಭೂಮಿಯಲ್ಲಿ ಮೂರು ವರ್ಷ ಇದ್ದಿರಬೇಕು, ಆಗ ಮಾತ್ರ ಮತ. ಊರನ್ನು ನಡೆಸುವವರಿಗೆ ಮುಖ್ಯಭೂಮಿಯ ನಂಟು ಇರಬೇಕು ಅನ್ನೋದು ಸರ್ಕಾರದ ವಾದ. ಅದಕ್ಕೂ ಕಾರಣ ಇದೆ, ಅಷ್ಟು ಸೂಕ್ಷ್ಮವಾದ ಗಡಿ ಪ್ರದೇಶ ಅದು. ಆದರೆ ಸ್ವಾಲ್ಬಾರ್ಡ್‌ನಲ್ಲೇ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ಥಾಯ್ ತಾಯಿಗೆ ಆ ಶಾಲೆಯ ಬಗ್ಗೆ ತೀರ್ಮಾನ ಮಾಡುವವರನ್ನು ಆರಿಸುವ ಹಕ್ಕು ಇಲ್ಲದೇ ಹೋಯಿತು. ಮುಖ್ಯಭೂಮಿಯಲ್ಲಿ ಮೂರು ವರ್ಷ ಇದ್ದು ಬರೋಣ ಅಂದರೆ, ಅಲ್ಲಿಗೆ ವೀಸಾ ಬೇಕಲ್ಲ!

ಎಂಜಿನಿಯರ್ ಕಣ್ಣಿನಲ್ಲಿ

ನಮ್ಮ ಸಿವಿಲ್ ಗೆಳೆಯರಿಗೆ ಈ ಊರು ಒಂದು ದೊಡ್ಡ ಲ್ಯಾಬ್. ನೆಲ ನೂರಾರು ಮೀಟರ್ ಆಳದವರೆಗೆ ಸದಾ ಹೆಪ್ಪುಗಟ್ಟಿದೆ. ಇದೇ ಪರ್ಮಾಫ್ರಾಸ್ಟ್. ಬೇಸಿಗೆಯಲ್ಲಿ ಮೇಲಿನ ಒಂದು ಮೀಟರಿನಷ್ಟು ಪದರ ಮಾತ್ರ ಕರಗುತ್ತದೆ. ಮನೆಯನ್ನು ನೇರ ನೆಲದ ಮೇಲೆ ಕಟ್ಟಿದರೆ ಮನೆಯ ಬಿಸಿಗೇ ಅಡಿಪಾಯ ಕರಗಿ ವಾಲುತ್ತದೆ. ಅದಕ್ಕೇ ಎಲ್ಲ ಮನೆಗಳೂ ಕಂಬಗಳ ಮೇಲೆ ನಿಂತಿವೆ, ಅಡಿಯಲ್ಲಿ ತಣ್ಣನೆ ಗಾಳಿ ಆಡುತ್ತಿರಬೇಕು. ನೀರು, ಒಳಚರಂಡಿ ಪೈಪುಗಳೂ ನೆಲದ ಮೇಲೇ ಹೋಗುತ್ತವೆ, ದಪ್ಪ ಹೊದಿಕೆ ಹೊದ್ದು.

ಆದರೆ ಲೆಕ್ಕ ಈಗ ತಪ್ಪುತ್ತಿದೆ. ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಈ ಪ್ರದೇಶ ಬಿಸಿಯಾಗುತ್ತಿದೆ. 2020ರ ಜುಲೈ 25ರಂದು ಇಲ್ಲಿ 21.7 ಡಿಗ್ರಿ ದಾಖಲಾಯಿತು. ಕರಗುವ ಪದರ ಆಳವಾದಂತೆ ಹಳೆಯ ಕಂಬಗಳು ಕುಸಿಯುತ್ತವೆ. 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರ ಇದೇ ಊರಿನ ಪಕ್ಕದ ಬೆಟ್ಟದೊಳಗಿದೆ. ಜೋಳ, ತೊಗರಿ, ಶೇಂಗಾ ತಳಿಗಳ ಮೇಲೆ ಕೆಲಸ ಮಾಡುವ ಹೈದರಾಬಾದಿನ ಇಕ್ರಿಸ್ಯಾಟ್ ಕೂಡ ಅಲ್ಲಿ ಬೀಜ ಇಟ್ಟಿದೆ. 2016ರಲ್ಲಿ ಆ ಭಂಡಾರದ ಪ್ರವೇಶ ಸುರಂಗಕ್ಕೇ ನೀರು ನುಗ್ಗಿತು. ಬೀಜಗಳಿಗೆ ಏನೂ ಆಗಲಿಲ್ಲ, ಆದರೆ ಸುರಂಗವನ್ನು ಮತ್ತೆ ಗಟ್ಟಿ ಮಾಡಬೇಕಾಯಿತು.

2015ರ ಡಿಸೆಂಬರ್ 19ರಂದು ಊರಿನ ಮೇಲಿನ ಬೆಟ್ಟದಿಂದ ಹಿಮ ಕುಸಿದು ಹನ್ನೊಂದು ಮನೆಗಳನ್ನು ತಳ್ಳಿಕೊಂಡು ಹೋಯಿತು. ಇಬ್ಬರು ಸತ್ತರು. 2017ರ ಫೆಬ್ರವರಿಯಲ್ಲಿ ಮತ್ತೆ ಕುಸಿತ. ಆಮೇಲೆ ಬೆಟ್ಟದ ಇಳಿಜಾರಿಗೆ ಹಿಮ ತಡೆಯುವ ಬೇಲಿಗಳು ಬಂದವು, ಬುಡದಲ್ಲಿದ್ದ ಹಲವು ಮನೆಗಳನ್ನು ಕೆಡವಿದರು. ಮೊದಲೇ ಮನೆ ಕಮ್ಮಿ ಇರುವ ಊರಲ್ಲಿ ಇನ್ನಷ್ಟು ಕಮ್ಮಿ.

ಎಲೆಕ್ಟ್ರಿಕಲ್‌ನವರಿಗೆ: ಊರಿಗೆ ಹೊರಗಿನ ಗ್ರಿಡ್ ಸಂಪರ್ಕ ಇಲ್ಲ. 2023ರ ಅಕ್ಟೋಬರ್‌ವರೆಗೆ ಸ್ಥಳೀಯ ಕಲ್ಲಿದ್ದಲಿನಿಂದಲೇ ಕರೆಂಟು, ಅದರಿಂದಲೇ ಮನೆಗಳಿಗೆ ಬಿಸಿ. ಈಗ ಡೀಸೆಲ್. 2025ರಲ್ಲಿ ಕೊನೆಯ ನಾರ್ವೇಜಿಯನ್ ಗಣಿಯೂ ಮುಚ್ಚಿತು.

ಇಸಿ ಬ್ರಾಂಚಿನವರು ಕೇಳಿ: ಧ್ರುವ ಕಕ್ಷೆಯ ಉಪಗ್ರಹ ದಿನಕ್ಕೆ ಸುಮಾರು 14 ಸುತ್ತು ಹಾಕುತ್ತದೆ. ಅಷ್ಟರಲ್ಲಿ ಭೂಮಿ ತಿರುಗುವುದರಿಂದ ನಮ್ಮಂಥ ಕಡೆಯಿರುವ ಆಂಟೆನಾಕ್ಕೆ ಅದರಲ್ಲಿ ಕೆಲವು ಸುತ್ತು ಮಾತ್ರ ಕಾಣುತ್ತವೆ. ಸ್ವಾಲ್ಬಾರ್ಡ್ ಧ್ರುವಕ್ಕೆ ಹತ್ತಿರ, ಅಲ್ಲಿಂದ ಎಲ್ಲ ಸುತ್ತೂ ಕಾಣುತ್ತವೆ. ಅದಕ್ಕೇ 1997ರಿಂದ ಊರಿನ ಮೇಲಿನ ಪ್ರಸ್ಥಭೂಮಿಯಲ್ಲಿ 'ಸ್ವಾಲ್‌ಸ್ಯಾಟ್' ಕೇಂದ್ರ ಇದೆ. ಅದರ ದತ್ತಾಂಶ ಸಾಗಿಸಲು ಸಮುದ್ರದಡಿ ಎರಡು ಫೈಬರ್ ಕೇಬಲ್ ಹಾಕಿದರು. ಕರಡಿಯ ಊರಿಗೆ ವೇಗದ ಇಂಟರ್‌ನೆಟ್ ಬಂದದ್ದು ಹೀಗೆ. 2022ರ ಜನವರಿಯಲ್ಲಿ ಒಂದು ಕೇಬಲ್ ಕೆಟ್ಟಿತು. ಇನ್ನೊಂದು ಇದ್ದದ್ದಕ್ಕೆ ಊರು ಉಳಿಯಿತು. 'ರಿಡಂಡೆನ್ಸಿ' ಬಗ್ಗೆ ಐದು ಮಾರ್ಕಿನ ಪ್ರಶ್ನೆಗೆ ಇದಕ್ಕಿಂತ ಉದಾಹರಣೆ ಬೇಕಾ?

ಶರಾವತಿಯಿಂದ ಸ್ವಾಲ್ಬಾರ್ಡ್‌ಗೆ

ಉತ್ತರಕ್ಕೆ ಇನ್ನೂ ಹೋದರೆ ನ್ಯೂ ಓಲೆಸುಂಡ್ ಎಂಬ ಸಂಶೋಧನಾ ಹಳ್ಳಿ. ಚಳಿಗಾಲದಲ್ಲಿ ಅಲ್ಲಿ ಇರೋದು ಮೂವತ್ತು ಚಿಲ್ಲರೆ ಜನ. ಭಾರತದ 'ಹಿಮಾದ್ರಿ' ಕೇಂದ್ರ 2008ರಿಂದ ಅಲ್ಲಿದೆ. ಅಲ್ಲಿ ಮನೆಗಳಿಗೆ ಬೀಗ ಹಾಕುವುದಿಲ್ಲ. ಕರಡಿ ಕಂಡರೆ ಯಾರು ಬೇಕಾದರೂ ಹತ್ತಿರದ ಬಾಗಿಲಿಗೆ ನುಗ್ಗಬೇಕಲ್ಲ! ಅಲ್ಲಿನ ಸೂಕ್ಷ್ಮ ರೇಡಿಯೋ ಉಪಕರಣಗಳಿಗೆ ತೊಂದರೆ ಆಗಬಾರದು ಅಂತ ವೈಫೈ, ಬ್ಲೂಟೂತ್ ಬಂದ್.

2023ರ ಡಿಸೆಂಬರ್‌ನಲ್ಲಿ ಭಾರತ ಮೊದಲ ಬಾರಿಗೆ ಚಳಿಗಾಲದ ಕತ್ತಲೆಯಲ್ಲೂ ಅಲ್ಲಿ ಇರಲು ತಂಡ ಕಳಿಸಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಬ್ರಹ್ಮಾಂಡದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ರೇಡಿಯೋ ಸಂಕೇತ ಹುಡುಕುವ 'ಸರಸ್' ದೂರದರ್ಶಕ ಅವರದ್ದು. 2020ರಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು ಅಳತೆ ಮಾಡಿದ್ದರು. ಸ್ವಾಲ್ಬಾರ್ಡ್‌ನಲ್ಲಿ ರೇಡಿಯೋ ಗದ್ದಲ ಎಷ್ಟಿದೆ ಅಂತ ನೋಡಲು ಈ ಬಾರಿ ಹೋದದ್ದು.

ಕತ್ತಲು, ಮತ್ತೆ ಬೆಳಕು

ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ದಿಗಂತಕ್ಕೆ ಬರೋದು ಫೆಬ್ರವರಿ ಮಧ್ಯಕ್ಕೆ. ಸುತ್ತ ಬೆಟ್ಟ ಇರುವುದರಿಂದ ಊರಿಗೆ ಬಿಸಿಲು ಬೀಳೋದು ಮಾರ್ಚ್ 8ಕ್ಕೆ. ಅವತ್ತು ಊರವರೆಲ್ಲ ಹಳೇ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರಿ, ಆ ಮೆಟ್ಟಿಲ ಮೇಲೆ ಕಿರಣ ಬೀಳುವುದನ್ನು ಕಾಯುತ್ತಾರೆ. ಅವತ್ತು ಯಾವ ದೇಶದವನು, ಎಷ್ಟು ವರ್ಷದಿಂದ ಇದ್ದಾನೆ, ಮತ ಇದೆಯಾ ಇಲ್ಲವಾ ಅಂತ ಯಾರೂ ಕೇಳಲ್ಲ. ನಾಲ್ಕು ತಿಂಗಳ ಕತ್ತಲೆಯನ್ನು ಒಟ್ಟಿಗೆ ಕಳೆದವರು, ಅಷ್ಟೇ.

ಅಲ್ಲಿಗೆ ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. ನಮ್ಮಲ್ಲೊಬ್ಬಳು ಯೂನಿಸ್‌ನ ಆರ್ಕ್ಟಿಕ್ ತಂತ್ರಜ್ಞಾನ ವಿಭಾಗದ ಕೋರ್ಸ್‌ಗಳ ಪಟ್ಟಿಯನ್ನು ಆಗಲೇ ಇಳಿಸಿಕೊಂಡಿದ್ದಾಳೆ. ಆದರೆ ಸ್ವಾಲ್ಬಾರ್ಡ್‌ಗಾಗಲಿ, ಬೇರೆ ಯಾವ ದೇಶಕ್ಕಾಗಲಿ ಹೊರಡುವ ಮೊದಲು, ಸಂಬಳದ ಅಂಕಿಯ ಜೊತೆ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಕೆಲಸ ಹೋದರೆ ಮನೆ ಯಾರದ್ದು? ಕಾಯಿಲೆ ಬಿದ್ದರೆ ನೋಡುವವರು ಯಾರು? ಇದ್ದ ವರ್ಷಗಳು ಯಾವ ಲೆಕ್ಕಕ್ಕೆ ಸೇರುತ್ತವೆ? ಒಳಗೆ ಬಿಡೋದು ಬೇರೆ, ನಮ್ಮವರು ಅಂತ ಇಟ್ಟುಕೊಳ್ಳೋದು ಬೇರೆ. ಜಗತ್ತಿನ ಅತ್ಯಂತ ತೆರೆದ ಊರೇ ನಮಗೆ ಇದನ್ನು ಕಲಿಸಿತು.

ರೀಲ್ ತೋರಿಸಿದ ಗೆಳೆಯನಿಗೆ ಇದೆಲ್ಲ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾದ್ರೆ, ನಮ್ಮೂರಿಗೆ ಬಂದು ಕೆಲಸ ಮಾಡ್ತಿರೋ ಹೊರಗಿನವರಿಗೆ ಈ ಮೂರು ಪ್ರಶ್ನೆ ಯಾರು ಕೇಳಿದ್ದಾರೆ?"

ನಮ್ಮ ಹೊಸ ಹಾಸ್ಟೆಲ್ ಬ್ಲಾಕ್ ಕಟ್ಟುತ್ತಿರುವವರು ಎಲ್ಲೆಲ್ಲಿಂದಲೋ ಬಂದವರು, ತಗಡಿನ ಶೆಡ್‌ನಲ್ಲಿದ್ದಾರೆ. ನಾವು ಇನ್ನೂ ಹೋಗಿ ಮಾತಾಡಿಸಿಲ್ಲ. ಮುಂದಿನ ಸಂಚಿಕೆಯ ಲೇಖನ ಅಲ್ಲಿಂದ ಶುರುವಾಗಲಿ.